ಮುಂದೆ ಓಡುವವಳು

ಬೋರೆಕೊಪ್ಪಲು, ಗಾವಡಗೆರೆ ಹೋಬಳಿ
10 ಮಾರ್ಚ್ 2025

ಸಿದ್ದಯ್ಯನವರಿಗೆ ನಮಸ್ಕಾರ.

ನಾನು ರಮ್ಯಾಳ ಆರನೇ ತರಗತಿಯ ಶಿಕ್ಷಕಿ ಭಾವನಾ. ನೀವು ಫೋನ್ ತೆಗೆಯುತ್ತಿಲ್ಲ. ಮೊನ್ನೆ ಮನೆಯ ತನಕ ಬಂದಿದ್ದೆ. ನಿಮ್ಮ ಲಗೇಜ್ ಆಟೋ ಅಲ್ಲೇ ನಿಂತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ಅದಕ್ಕೇ ಈ ಪತ್ರ.

ಶುಕ್ರವಾರ ನೀವು ಶಾಲೆಗೆ ಬಂದು, ಇಡೀ ತರಗತಿಯ ಎದುರು ಕೂಗಾಡಿ, ಮಗಳ ಕೈ ಹಿಡಿದು ಎಳೆದುಕೊಂಡು ಹೋದಿರಿ. ನಿಮಗೆ ಏನೋ ತಪ್ಪು ತಿಳಿವಳಿಕೆಯಾಗಿದೆ. ನಡೆದದ್ದನ್ನು ಹೇಳಿಬಿಟ್ಟರೆ ಕೋಪ ಇಳಿಯುತ್ತದೆ ಎಂದುಕೊಂಡಿದ್ದೇನೆ.

ಅಲಾಸ್ಕಾ ಎಂಬ ಹಿಮದ ನಾಡಿನಲ್ಲಿ ಮಾರ್ಚ್ ಬಂತೆಂದರೆ ನಾಯಿಗಳು ಎಳೆಯುವ ಬಂಡಿಗಳ ಓಟ ನಡೆಯುತ್ತದೆ. ಹಗಲು ರಾತ್ರಿ, ಕಾಡು, ಹೆಪ್ಪುಗಟ್ಟಿದ ಹೊಳೆ, ಎಲ್ಲ ದಾಟಿ ಎಷ್ಟೋ ದಿನ ಓಡುತ್ತಾರೆ. ಅದನ್ನಿಟ್ಟುಕೊಂಡು ನಾನು ಮಕ್ಕಳಿಗೆ ಪಾಠ ಮಾಡಿದೆ. ಗೋಡೆಯ ಮೇಲೆ ಆ ನಾಡಿನ ನಕ್ಷೆ ಬರೆದೆವು. ಒಬ್ಬೊಬ್ಬ ಮಗು ಒಂದೊಂದು ಬಂಡಿಯನ್ನು ಆರಿಸಿಕೊಂಡು, ಅದು ಈ ಹೊತ್ತು ಎಲ್ಲಿದೆ ಎಂದು ನನ್ನ ಫೋನಿನಲ್ಲಿ ನೋಡಿ ಕಾಗದದ ಬಾವುಟ ಸರಿಸುತ್ತಿತ್ತು. ನಾಯಿಗಳ ಪಾದಕ್ಕೆ ಹಾಕುವ ಚೀಲಗಳನ್ನು ಹಳೇ ಸೀರೆಯ ತುಂಡಿನಲ್ಲಿ ಹೊಲಿದರು. ಒಂದು ದಿನ ಪಿರಿಯಾಪಟ್ಟಣದ ನಮ್ಮ ಮನೆಯಿಂದ ಥರ್ಮಾಸಿನಲ್ಲಿ ಐಸ್ ತಂದು ಎಲ್ಲರ ಅಂಗೈಗೂ ಇಟ್ಟೆ. ರಮ್ಯಾ ಕೈ ಮರಗಟ್ಟುವ ತನಕ ಮುಷ್ಟಿ ಬಿಡಲಿಲ್ಲ.

ಕೊನೆಯ ಚಟುವಟಿಕೆಯೇ ಮೈದಾನದ ಆಟ. ಒಬ್ಬರು ತೆಂಗಿನ ಗರಿಯ ಮೇಲೆ ಕೂರುವುದು, ಉಳಿದವರು ನಾಯಿಗಳಂತೆ ಹಗ್ಗ ಕಟ್ಟಿಕೊಂಡು ಎಳೆಯುವುದು. ಯಾರು ಏನಾಗಬೇಕೆಂದು ನಾನು ಹೇಳಲಿಲ್ಲ, ಮಕ್ಕಳೇ ಆರಿಸಿಕೊಂಡರು. ಆ ಓಟದಲ್ಲಿ ಗೌರವವೆಲ್ಲ ನಾಯಿಗಳದ್ದೇ, ಬಂಡಿ ಮೇಲಿರುವವನದ್ದಲ್ಲ. ಅದರಲ್ಲೂ ಎಲ್ಲಕ್ಕಿಂತ ಮುಂದಿರುವ ನಾಯಿ ಬಹಳ ಬುದ್ಧಿವಂತ. ನಿಮ್ಮ ಮಗಳು ಆ ಜಾಗದಲ್ಲಿದ್ದಳು. ನೀವು ಹೆಮ್ಮೆಪಡಬೇಕಿತ್ತು.

ಪರೀಕ್ಷೆ ಹತ್ತಿರ ಬಂದಿದೆ. ದಯವಿಟ್ಟು ಅವಳನ್ನು ಕಳುಹಿಸಿ.

ಇಂತು,
ಭಾವನಾ ಶಿವನಂಜಪ್ಪ


ಬೋರೆಕೊಪ್ಪಲು
14 ಮಾರ್ಚ್ 2025

ಮೇಡಂ ಅವರಿಗೆ,

ನಿಮ್ಮ ಪತ್ರ ಓದಿದೆ. ನಾನೂ ಎಸ್ಸೆಸ್ಸೆಲ್ಸಿ ತನಕ ಓದಿದವನು. ಅರ್ಥ ಆಗಲಿ ಅಂತ ಬಿಡಿಸಿ ಬಿಡಿಸಿ ಬರೆದಿದ್ದೀರಿ, ಅರ್ಥ ಆಯಿತು.

ಶಾಲೆಯ ವಾಟ್ಸಾಪ್ ಗುಂಪಿಗೆ ನೀವು ಹಾಕಿದ ಆಟದ ವಿಡಿಯೋ ನಾನು ನೋಡಿದ್ದು ಪಿರಿಯಾಪಟ್ಟಣದ ಹೊಗೆಸೊಪ್ಪು ಹರಾಜು ಕಟ್ಟೆ ಹತ್ತಿರ, ಬೇಲು ಇಳಿಸುವಾಗ. ಜೊತೆಯವನೊಬ್ಬ ಅವನ ಫೋನು ನನ್ನ ಮುಖದ ಮುಂದೆ ಹಿಡಿದು, "ನೋಡ್ಲಾ ಸಿದ್ದ, ನಿನ್ ಮಗ್ಳು ಅಲ್ವೇನ್ಲಾ ಇದು?" ಅಂದ. ಹಿಂದೆ ಒಳ್ಳೇ ಸಂಗೀತ ಹಾಕಿದ್ದಿರಿ. ಅವಳ ಸೊಂಟಕ್ಕೆ ಹಗ್ಗ. ಹಿಂದೆ ಗರಿ ಮೇಲೆ ಚೆಲುವರಾಜು ಮಗ ಶರತ್ ಕೂತಿದ್ದಾನೆ, ಕೈಯಲ್ಲಿ ಹೊಡೆಯೋ ಬರಲು ಕಡ್ಡಿ.

ಮಕ್ಕಳೇ ಆರಿಸಿಕೊಂಡರು ಅಂತೀರಿ. ಇನ್ನೊಂದು ಸಲ ವಿಡಿಯೋ ನೋಡಿ. ಹಗ್ಗದಲ್ಲಿರೋ ಅಷ್ಟೂ ಮಕ್ಕಳು ನಮ್ಮ ಕೇರಿಯವರು. ಒಂದೂ ಮೇಲುಕೇರಿ ಮಗು ಇಲ್ಲ. ಇದು ನಿಮ್ಮ ಕಣ್ಣಿಗೆ ಬೀಳಲಿಲ್ಲವಾ?

ಆ ದೇಶದಲ್ಲಿ ನಾಯಿಗೆ ಗೌರವ ಇರಬಹುದು. ಇಲ್ಲಿ ನಾಯಿ ಅಂದರೆ ನಾಯಿ. ನಮ್ಮಪ್ಪನನ್ನು ಹಾಗೆ ಕರೆಯುತ್ತಿದ್ದವರು ಊರಲ್ಲಿ ಇನ್ನೂ ಇದ್ದಾರೆ. ನನ್ನ ಮಗಳಿಗೆ ಆ ಮಾತು ತಾಕಬಾರದು ಅಂತಲೇ ಶಾಲೆಗೆ ಹಾಕಿದ್ದು.

ಅವಳು ಈಗ ಹುಣಸೂರಿನಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಾಳೆ. ಮುಂದಕ್ಕೆ ಅಲ್ಲೇ ಓದುತ್ತಾಳೆ.

ಸಿದ್ದಯ್ಯ


ಹುಣಸೂರು
19 ಮಾರ್ಚ್ 2025

ಪ್ರೀತಿಯ ಮಿಸ್,

ನೀವು ಹೇಳಿಕೊಟ್ಟ ಹಾಗೆ ಬಲಗಡೆ ಊರು, ತಾರೀಖು ಬರೆದಿದ್ದೇನೆ. ಅತ್ತೆ ಕವರ್ ತಂದುಕೊಟ್ಟರು. ಅಪ್ಪನಿಗೆ ಗೊತ್ತಿಲ್ಲ.

ಮಿಸ್, ನನ್ನ ಬಂಡಿ ಈಗ ಎಲ್ಲಿದೆ? ಅತ್ತೆ ಮನೆ ಫೋನಿನಲ್ಲಿ ಇಂಟರ್ನೆಟ್ ಇಲ್ಲ. ನನ್ನ ಬಾವುಟವನ್ನು ಯಾರಾದರೂ ಸರಿಸುತ್ತಿದ್ದಾರಾ? ಇಲ್ಲಾಂದರೆ ನೀವೇ ಸರಿಸಿ.

ಅಪ್ಪ ಶಾಲೆಗೆ ಬಂದು, "ನನ್ ಮಗಳ್ನ ನಾಯಿ ಮಾಡಿದ್ರಾ?" ಅಂತ ಕೂಗಿದಾಗ ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಎಲ್ಲರೂ ನನ್ನನ್ನೇ ನೋಡಿದರು. ಅಲ್ಲಿ ತನಕ ನಾನು ಮುಂದಿನ ನಾಯಿ ಆಗಿದ್ದೆ. ಅಪ್ಪ ಕೂಗಿದ ಮೇಲೆ ಬರೀ ನಾಯಿ ಆದೆ. ಅಪ್ಪನ ಜೊತೆ ನಾನು ಮಾತು ಬಿಟ್ಟಿದ್ದೇನೆ. ಅವರು ಶನಿವಾರ ಬಂದು ಬಾಳೆಹಣ್ಣು ಇಟ್ಟು ಹೋದರು.

ನಾನೇ ಮುಂದೆ ನಿಲ್ಲುತ್ತೇನೆ ಅಂದಿದ್ದು ನಿಜ ಮಿಸ್. ಹಿಮ ಬಿದ್ದು ಬಂಡಿಯವರಿಗೆ ಏನೂ ಕಾಣದಿದ್ದಾಗ ಮುಂದಿನ ನಾಯಿಯೇ ದಾರಿ ಹುಡುಕುತ್ತದೆ ಅಂತ ನೀವು ಹೇಳಿದ್ದಿರಲ್ಲ, ಅದು ನನಗೆ ಬಹಳ ಇಷ್ಟ ಆಗಿತ್ತು. ಆದರೆ ಎಲ್ಲರೂ ಇಷ್ಟಪಟ್ಟು ಬಂದಿದ್ದಲ್ಲ. ಹಗ್ಗ ಕಟ್ಟಿಸಿಕೊಳ್ಳಲು ಯಾರು ಬರುತ್ತೀರಿ ಅಂತ ನೀವು ಕೇಳಿದಾಗ ಮೇಲುಕೇರಿಯವರು ಅಮ್ಮ ಬೈತಾರೆ, ಬಟ್ಟೆ ಕೊಳೆ ಆಗುತ್ತೆ ಅಂದರು. ನೀವು ನಮ್ಮ ಕಡೆ ತಿರುಗಿ, "ನೀವು ಬರ್ತೀರಲ್ವಾ?" ಅಂದಿರಿ. ನಾವು ಬಂದೆವು.

ಆಮೇಲೆ ಶರತ್ ಒಂದು ಮಾತು ಅಂದ. ನಿಮಗೂ ಕೇಳಿಸಿತು ಅಂದುಕೊಂಡಿದ್ದೇನೆ, ಯಾಕೆಂದರೆ ನೀವು ನಕ್ಕಿರಿ. ಅದನ್ನು ಅಪ್ಪನಿಗೆ ಹೇಳಿಲ್ಲ. ನೀವು ನಕ್ಕಿದ್ದನ್ನೂ ಹೇಳಿಲ್ಲ. ಹೇಳಿದರೆ ಅಪ್ಪ ನಿಮ್ಮ ಮೇಲೆ ಇನ್ನೂ ಕೋಪ ಮಾಡಿಕೊಳ್ಳುತ್ತಾರೆ. ಶರತ್ ಅಂದಿದ್ದು ಕೇಳಿದರೆ ಅಪ್ಪನಿಗೆ ಬೇಜಾರಾಗುತ್ತೆ. ನೀವೂ ಹೇಳಬೇಡಿ ಮಿಸ್.

ನಿಮ್ಮ ವಿದ್ಯಾರ್ಥಿನಿ,
ರಮ್ಯಾ ಎಸ್.


ಬೋರೆಕೊಪ್ಪಲು
2 ಏಪ್ರಿಲ್ 2025

ಸಿದ್ದಯ್ಯನವರೇ,

ನನ್ನ ಹಿಂದಿನ ಪತ್ರವನ್ನು ದಯವಿಟ್ಟು ಹರಿದುಹಾಕಿ. ಅದನ್ನು ನೆನೆಸಿಕೊಂಡರೆ ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸುತ್ತದೆ. ಹೆಮ್ಮೆಪಡಬೇಕಿತ್ತು ಎಂದು ನಿಮಗೇ ಬುದ್ಧಿ ಹೇಳಿದ್ದೆ.

ನೀವು ಹೇಳಿದಂತೆ ವಿಡಿಯೋ ಮತ್ತೆ ನೋಡಿದೆ. ನೀವು ನೋಡಿದ್ದಲ್ಲ, ಸಂಗೀತ ಸೇರಿಸುವ ಮುಂಚಿನದು. ಅದು ನನ್ನ ಫೋನಿನಲ್ಲೇ ಇತ್ತು. ಗರಿ ಕಲ್ಲಿಗೆ ಸಿಕ್ಕಿಕೊಂಡು ಮಕ್ಕಳು ನಿಲ್ಲುತ್ತಾರೆ. ಆಗ ಶರತ್ ಬರಲು ಕಡ್ಡಿ ಆಡಿಸುತ್ತ, "ನಿಮ್ಮಪ್ಪ ನಮ್ಮನೆ ಜಗ್ಲಿ ಕೆಳ್ಗೆ ನಿಂತ್ಕತಾನಲ್ಲ, ಅಂಗೆ ನಿಂತ್ಬುಟ್ಟೆಯಲ್ಲೇ ನಾಯಿ! ಓಡೇ!" ಎನ್ನುತ್ತಾನೆ. ಆಮೇಲೆ ಒಂದು ನಗು ಕೇಳುತ್ತದೆ. ಅದು ಮಕ್ಕಳದ್ದಲ್ಲ, ನನ್ನದು.

ನನಗೆ ಕೇಳಿಸಿರಲಿಲ್ಲ ಎಂದು ಬರೆಯಬಹುದಿತ್ತು. ಕೇಳಿಸಿತ್ತು. ಆಟ ಕೆಡದಿರಲಿ ಎಂದು ನಕ್ಕುಬಿಟ್ಟೆ. ಗುಂಪಿಗೆ ಹಾಕುವಾಗ ಸದ್ದು ತೆಗೆದು ಸಂಗೀತ ಹಾಕಿದ್ದು ಚೆಂದಕ್ಕೆ ಎಂದೇ ನಂಬಿದ್ದೆ. ಈಗ ಅದೂ ನಂಬಿಕೆಯಾಗುತ್ತಿಲ್ಲ. ಜಗಲಿಯ ಕೆಳಗೆ ನಿಂತು ಮಾತಾಡಿ ಹೋಗುವವರು ಪಿರಿಯಾಪಟ್ಟಣದ ನಮ್ಮ ಮನೆಗೂ ಬರುತ್ತಾರೆ. ಅವರನ್ನು ಮೇಲೆ ಬನ್ನಿ ಎಂದು ನಾನು ಕರೆದಿಲ್ಲ.

ಇದನ್ನು ನನ್ನೊಳಗೇ ಇಟ್ಟುಕೊಳ್ಳಲು ಆಗಲಿಲ್ಲ. ಶುಕ್ರವಾರ ಪೋಷಕರ ಸಭೆಯಿತ್ತು. ಶಾಲಾ ಸಮಿತಿಯ ಅಧ್ಯಕ್ಷರಾಗಿ ಶರತ್‌ನ ತಂದೆ ಚೆಲುವರಾಜು ಅವರೂ ಕೂತಿದ್ದರು. ನಾನು ಎದ್ದು ನಿಂತು ಆ ವಿಡಿಯೋದ ಸದ್ದನ್ನು ಸ್ಪೀಕರಿಗೆ ಹಾಕಿ ಎಲ್ಲರಿಗೂ ಕೇಳಿಸಿದೆ, ನನ್ನ ನಗುವಿನ ಸಮೇತ. ತಪ್ಪು ನನ್ನದು, ಈ ಮಾತನ್ನು ನಾನು ತಡೆಯಲಿಲ್ಲ ಎಂದೆ. ಚೆಲುವರಾಜು ಅವರು, "ಮಕ್ಳಾಟಕ್ಕೆ ಇಷ್ಟೊಂದಾ ಮೇಡಂ? ನಾವೇನ್ ಅವ್ನ ಕೆಳ್ಗೆ ನಿಂತ್ಕೊ ಅಂದಿದ್ವಾ? ಅವ್ನೇ ನಿಂತ್ಕತಾನೆ" ಎಂದರು. ನಾನು ಬಿಡಲಿಲ್ಲ. ಅದು ಆಟವಲ್ಲ ಎಂದು ಅವರ ಮುಖಕ್ಕೇ ಹೇಳಿದೆ. ಅಪ್ಪನ ಪಕ್ಕದಲ್ಲಿದ್ದ ಶರತ್ ಅತ್ತುಬಿಟ್ಟ. ನಿಮ್ಮ ಕೇರಿಯ ನಂಜಣ್ಣನವರು ಕಣ್ಣು ಒರೆಸಿಕೊಂಡು ಎದ್ದು ಹೋದರು.

ನನ್ನ ಮೇಲೆ ದೂರು ಹೋಗಬಹುದು, ಹೋಗಲಿ. ನಿಮ್ಮ ಮನಸ್ಸಿನ ಭಾರ ಸ್ವಲ್ಪವಾದರೂ ಇಳಿದರೆ ಸಾಕು. ರಮ್ಯಾಳನ್ನು ಕಳುಹಿಸಿ. ಇನ್ನು ಅವಳನ್ನು ಯಾರೂ ಏನೂ ಅನ್ನುವುದಿಲ್ಲ.

ಕ್ಷಮೆ ಕೇಳುತ್ತ,
ಭಾವನಾ


ಬೋರೆಕೊಪ್ಪಲು
8 ಏಪ್ರಿಲ್ 2025

ಮೇಡಂ ಅವರಿಗೆ,

ನೀವು ಬರೆಯುವ ಮುಂಚೆಯೇ ನನಗೆ ವಿಷಯ ಬಂದಿತ್ತು. ಸಭೆ ಮುಗಿದ ಸಂಜೆ ನಂಜಣ್ಣ ಮನೆಗೆ ಬಂದು ತಲೆ ತಗ್ಗಿಸಿ ಕೂತ. ಏನಾಯಿತು ಅಂತ ಬಿಡದೆ ಕೇಳಿದೆ. ಕೊನೆಗೆ, "ನಿನ್ ಯೋಗ್ತೆನ ಮೈಕಲ್ಲಿ ಹಾಕುದ್ರು ಕಣ್ಲಾ ಸಿದ್ದ" ಅಂದ. ಅವನು ಕಣ್ಣು ಒರೆಸಿಕೊಂಡಿದ್ದು ನಿಮ್ಮ ಮಾತಿಗೆ ಕರಗಿ ಅಲ್ಲ. ಅವನೂ ಅದೇ ಜಗಲಿ ಕೆಳಗೆ ನಿಲ್ಲೋನು.

ನಾನು ಎಲ್ಲಿ ನಿಲ್ಲುತ್ತೇನೆ ಅಂತ ಊರಿಗೆಲ್ಲ ಗೊತ್ತು ಮೇಡಂ. ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ. ಅಷ್ಟು ಮುಚ್ಚುಮರೆಯಲ್ಲಿ ನಾನು ಬಾಡಿಗೆ ಹೊಡೆದುಕೊಂಡು, ನಾಲ್ಕು ಜನರ ಜೊತೆ ಟೀ ಕುಡಿದುಕೊಂಡು ಬದುಕುತ್ತಿದ್ದೆ. ಈಗ ಗಾವಡಗೆರೆ ಬಸ್ ನಿಲ್ದಾಣದಲ್ಲಿ ಹೈಸ್ಕೂಲ್ ಹುಡುಗರು ನನ್ನ ಆಟೋ ಕಂಡರೆ "ಜಗ್ಲಿ, ಜಗ್ಲಿ" ಅಂತ ಕೂಗುತ್ತಾರೆ.

ಇದನ್ನು ಹಾಕಲಾ ಅಂತ ನನ್ನನ್ನು ಕೇಳಿದಿರಾ? ಅದರಲ್ಲಿ ಇದ್ದದ್ದು ನನ್ನ ಮಾನ. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಅದನ್ನು ತೆಗೆದುಕೊಂಡಿರಿ. ಮಗಳಿಗೆ ಹಗ್ಗ ಕಟ್ಟುವಾಗಲೂ ಕೇಳಲಿಲ್ಲ, ಇದನ್ನು ಕೇಳಿಸುವಾಗಲೂ ಕೇಳಲಿಲ್ಲ.

ಇನ್ನೊಂದು. ಹುಣಸೂರಿಗೆ ಹೋಗಿ ಮಗಳನ್ನು, "ಅವನು ಹಂಗಂದಿದ್ದು ನಿಂಗ್ ಗೊತ್ತಿತ್ತೇನವ್ವ?" ಅಂದೆ. ಹೂಂ ಅಂತ ತಲೆ ಆಡಿಸಿದಳು. "ಯಾಕ್ ಹೇಳ್ಲಿಲ್ಲ?" ಅಂದೆ. "ನಿಂಗೆ ಬೇಜಾರಾಯ್ತದೆ ಅಂತ" ಅಂದಳು. ಅಷ್ಟು ಸಣ್ಣ ಮಗು ಅದನ್ನು ನನ್ನಿಂದ ಬಚ್ಚಿಟ್ಟುಕೊಂಡು ಓಡಾಡುತ್ತಿತ್ತು. ನಿಮಗೂ ಹೇಳಬೇಡಿ ಅಂತ ಬರೆದಿದ್ದಳಂತೆ. ಅವಳಿಗೆ ಒಂದು ಸಾಲು ಉತ್ತರವೂ ಹಾಕಲಿಲ್ಲವಂತೆ ನೀವು.

ಟಿ.ಸಿ. ಬೇಕು. ತೆಗೆದುಕೊಳ್ಳಲು ಅಕ್ಕ ಬರುತ್ತಾಳೆ. ನೀವು ನಮ್ಮ ಮನೆ ಕಡೆ ಬರುವುದು ಬೇಡ.

ಸಿದ್ದಯ್ಯ


ಪಿರಿಯಾಪಟ್ಟಣ
30 ಏಪ್ರಿಲ್ 2025

ರಮ್ಯಾ,

ಮೊದಲು ನಿನಗೇ ಬರೆಯಬೇಕಿತ್ತು. ನಿನ್ನ ಪತ್ರ ಬಂದ ದಿನವೇ ಬರೆಯಲು ಕೂತೆ. "ನೀವು ನಕ್ಕಿರಿ" ಎನ್ನುವ ಸಾಲಿಗೆ ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ನಿನಗೆ ಉತ್ತರ ಕೊಡುವ ಧೈರ್ಯ ಇರಲಿಲ್ಲ, ಸಭೆಯಲ್ಲಿ ಭಾಷಣ ಮಾಡುವ ಧೈರ್ಯ ಇತ್ತು. ಎಂಥ ಧೈರ್ಯವೋ ಅದು.

ನೀನು ಬೇಡ ಎಂದದ್ದನ್ನೇ ನಾನು ಮಾಡಿದೆ. ಸತ್ಯ ಹೇಳುತ್ತಿದ್ದೇನೆ, ಅದರ ಮುಂದೆ ಒಬ್ಬ ಹುಡುಗಿಯ ಮಾತು ದೊಡ್ಡದಲ್ಲ ಎಂದುಕೊಂಡೆ. ಅಪ್ಪನಿಗೆ ನೋವಾಗದಿರಲಿ ಎಂದು ನೀನು ಯೋಚಿಸಿದಷ್ಟೂ ನಾನು ಯೋಚಿಸಲಿಲ್ಲ.

ಅಪ್ಪನ ಮೇಲಿನ ಕೋಪ ಬಿಟ್ಟುಬಿಡು. ಅವರು ಕೂಗಿದ್ದು ನಿನ್ನ ಮೇಲಲ್ಲ. ಆವತ್ತು ಶಾಲೆಯಲ್ಲಿ ನಿನ್ನ ಪರವಾಗಿ ಮಾತಾಡಿದ ಒಬ್ಬರೇ ಒಬ್ಬರು ಅವರು. ಮಾತಾಡಬೇಕಿದ್ದವಳು ಫೋನ್ ಹಿಡಿದುಕೊಂಡು ನಗುತ್ತಿದ್ದಳು.

ನಿನ್ನ ಬಂಡಿ ಊರು ಮುಟ್ಟಿತು, ಎಲ್ಲರೂ ಬಂದು ಸುಮಾರು ಹೊತ್ತಾದ ಮೇಲೆ. ಬಾವುಟವನ್ನು ನಾನೇ ಸರಿಸಿದೆ. ನಿನ್ನ ಟಿ.ಸಿ.ಯನ್ನೂ ನಾನೇ ಬರೆದೆ. ಉತ್ತರ ಬರೆಯಲೇಬೇಕೆಂದಿಲ್ಲ.

ಭಾವನಾ ಮಿಸ್


ಹುಣಸೂರು
12 ಜುಲೈ 2025

ಮಿಸ್,

ಪತ್ರ ಆಗಲೇ ಬಂದಿತ್ತು. ಬರೆಯಲು ಮನಸ್ಸಾಗಲಿಲ್ಲ.

ಹೊಸ ಶಾಲೆ ಪರವಾಗಿಲ್ಲ. ಲಕ್ಷ್ಮಣತೀರ್ಥ ಹೊಳೆ ಹತ್ತಿರ. ಮಳೆ ಬಂದರೆ ನೀರಿನ ಸದ್ದು ಕೇಳುತ್ತೆ. ನಮ್ಮ ಮೇಷ್ಟ್ರು ಒಳ್ಳೆಯವರು, ಆದರೆ ಪುಸ್ತಕದಲ್ಲಿ ಇರೋದಷ್ಟೇ ಮಾಡುತ್ತಾರೆ. ಐಸ್ ಎಲ್ಲ ತರಲ್ಲ.

ನೀವು ಹೇಳಬಾರದಿತ್ತು ಮಿಸ್. ಅಪ್ಪ ಈಗ ಬಂದರೆ ನನ್ನ ಮುಖ ಸರಿಯಾಗಿ ನೋಡುವುದಿಲ್ಲ. ಮುಂಚೆ ನಾನು ಮಾತಾಡುತ್ತಿರಲಿಲ್ಲ, ಈಗ ಅಪ್ಪ ಮಾತಾಡಲ್ಲ. ನಾನು ಪಕ್ಕದಲ್ಲಿ ಕೂತರೆ, "ಟೈರ್ ನೋಡ್ಬೇಕು" ಅಂತ ಎದ್ದು ಹೋಗುತ್ತಾರೆ. ಟೈರ್‌ಗೆ ಏನೂ ಆಗಿರಲ್ಲ. ಮಗಳಿಗೆ ಗೊತ್ತಾಯಿತಲ್ಲ ಅಂತ ಅವರಿಗೆ ನಾಚಿಕೆ ಅಂತೆ. ಅತ್ತೆ ಹೇಳಿದರು. ನನಗೆ ಮುಂಚಿನಿಂದ ಗೊತ್ತಿತ್ತು ಮಿಸ್. ಅಪ್ಪನ ಜೊತೆ ಆಟೋದಲ್ಲಿ ಹೋಗುತ್ತಿದ್ದೆನಲ್ಲ, ನೋಡುತ್ತಿದ್ದೆ.

ನಿಮ್ಮ ಮೇಲೆ ಕೋಪ ಇದೆ. ಪಾಠ ನೆನಪಾದಾಗ ಇರಲ್ಲ.

ರಮ್ಯಾ


ಬೋರೆಕೊಪ್ಪಲು
21 ಮಾರ್ಚ್ 2026

ಭಾವನಾ ಮೇಡಂ ಅವರಿಗೆ,

ವರ್ಷ ಆದ ಮೇಲೆ ಬರೆಯುತ್ತಿದ್ದೇನೆ. ಇದನ್ನು ನಿಮಗೆ ತಿಳಿಸು ಅಂತ ಯಾರೂ ಹೇಳಲಿಲ್ಲ.

ಹೋದ ವಾರ ಹುಣಸೂರಿಗೆ ಹೋದಾಗ ರಮ್ಯಾ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡಳು. "ಶುಕ್ರವಾರ ನಮ್ ಸ್ಕೂಲಿಗೆ ಬರ್ಬೇಕು ಕಣಪ್ಪ" ಅಂದಳು. ಏನಿದೆ ಅಂದೆ. ಆ ನಾಯಿ ಬಂಡಿ ಓಟದ ಕಥೆಯನ್ನು ಇವಳೇ ಮೇಷ್ಟ್ರ ತಲೆಗೆ ತುಂಬಿದ್ದಾಳೆ. ನಕ್ಷೆ ಬರೆದಿದ್ದಾರೆ, ಬಾವುಟ ಸರಿಸುತ್ತಿದ್ದಾರೆ, ಮೈದಾನದಲ್ಲಿ ಆಟ ಇಟ್ಟಿದ್ದಾರೆ. "ಮತ್ತೆ ಹಗ್ಗ ಕಟ್ಕತೀಯೇನವ್ವ?" ಅಂದೆ.

"ಈ ಸಲ ಚೀಟಿ ಎತ್ತಿದ್ವಿ ಕಣಪ್ಪ. ನಂಗೆ ಬಂಡಿ ಮೇಲ್ ಕೂರೋ ಚೀಟಿ ಬಂತು."

"ಒಳ್ಳೇದಾಯ್ತು ಬುಡು."

"ಬೇಡ ಅಂತ ಬದ್ಲಾಯಿಸ್ಕಂಡೆ. ಅಲ್ಲಿ ಕೂತ್ರೆ ಮುಂದಿರೋರ ಬೆನ್ನು ಬುಟ್ರೆ ಏನೂ ಕಾಣಲ್ಲ."

ಹೋಗಬಾರದು ಅಂತಲೇ ಇದ್ದೆ. ಶುಕ್ರವಾರ ಪಿರಿಯಾಪಟ್ಟಣಕ್ಕೆ ಬಾಡಿಗೆ ಇತ್ತು, ಹೊರಟವನು ಹುಣಸೂರು ಕಡೆ ತಿರುಗಿಸಿಬಿಟ್ಟೆ.

ಗೇಟಿನ ಹತ್ತಿರ ನಿಂತೆ. ಮಕ್ಕಳು ಹಗ್ಗ ಕಟ್ಟಿಕೊಳ್ಳುತ್ತಿದ್ದರು. ಇವಳ ಪಕ್ಕದ ಹಗ್ಗದಲ್ಲಿ ಬಜಾರಿನ ಬಟ್ಟೆ ಅಂಗಡಿಯವರ ಮಗಳು, ಹಿಂದೆ ಇವಳ ಮೇಷ್ಟ್ರ ಸ್ವಂತ ಮಗ. ಅದನ್ನೇ ನೋಡುತ್ತಾ ಇದ್ದೆ. ಹಗ್ಗ ಎಲ್ಲರ ಸೊಂಟಕ್ಕೂ ಇತ್ತು. ಸೀಟಿ ಊದಿದ ತಕ್ಷಣ ನನಗೆ ಕಣ್ಣು ಮುಚ್ಚಿಹೋಯಿತು. ಯಾರಾದರೂ ಏನಾದರೂ ಅಂತಾರೆ, ಈಗ ಅಂತಾರೆ, ಅಂತ ಕಿವಿಯೆಲ್ಲ ಅತ್ತಲೇ. ಮಕ್ಕಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತಿದ್ದರು, ಅಷ್ಟೇ. ಕಣ್ಣು ಬಿಟ್ಟಾಗ ಇವಳು ಎಲ್ಲರಿಗಿಂತ ಮುಂದೆ, ಗುಂಡಿ ತಪ್ಪಿಸಿ ಎಡಕ್ಕೆ ತಿರುಗಿ, ಅಷ್ಟು ಜನರನ್ನೂ ಎಡಕ್ಕೆ ತಿರುಗಿಸಿಕೊಂಡು ಬರುತ್ತಿದ್ದಳು. ಹಾಗೆ ಓಡುವ ನನ್ನ ಮಗಳನ್ನು ನಾನು ನೋಡಿರಲೇ ಇಲ್ಲ. ನಿಮ್ಮ ವಿಡಿಯೋದಲ್ಲಿ ನೋಡಿದ್ದು ಬರೀ ಹಗ್ಗ.

ನಾನೂ ಕೂಗಿದೆ. ಗಂಟಲು ಕಟ್ಟುವ ತನಕ ಕೂಗಿದೆ. ಮನೆಗೆ ಬರುವಾಗ ಇಬ್ಬರೂ ಆಟೋದಲ್ಲಿ ಮುಂದೆ ಕೂತಿದ್ದೆವು. ಆಗ ಅವಳಿಗೆ ಹೇಳಿದೆ, ಆ ಜಗಲಿ ಕೆಳಗೆ ನಾನು ಯಾಕೆ ನಿಲ್ಲುತ್ತಿದ್ದೆ, ನಮ್ಮಪ್ಪ ಯಾಕೆ ನಿಲ್ಲುತ್ತಿದ್ದ, ಎಲ್ಲ. ಸಂಕ್ರಾಂತಿಯಿಂದ ಈಚೆಗೆ ಚೆಲುವರಾಜು ಮನೆ ಮುಂದೆ ನಾನು ಆಟೋದಿಂದ ಇಳಿಯುವುದಿಲ್ಲ, ಹಾರ್ನ್ ಹೊಡೆಯುತ್ತೇನೆ, ಅವರೇ ಮೆಟ್ಟಿಲಿಳಿದು ಬರುತ್ತಾರೆ ಅಂತಲೂ ಹೇಳಿದೆ. ಅದಕ್ಕೆ ಮಾತ್ರ ನಕ್ಕಳು.

ನಿಮ್ಮ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ನೀವು ಮಾಡಿದ್ದು ಮಾಡಿದ್ದೇ. ಅವಳಿಗೆ ಆ ಓಟ ಕೊಟ್ಟವರೂ ನೀವೇ. ಎರಡನ್ನೂ ಒಟ್ಟಿಗೆ ಎಲ್ಲಿಟ್ಟುಕೊಳ್ಳಬೇಕೋ ನನಗೆ ತಿಳಿಯುತ್ತಿಲ್ಲ.

ನೀವು ಬೇರೆ ಕಡೆಗೆ ವರ್ಗ ಕೇಳಿದ್ದೀರಂತೆ, ನಂಜಣ್ಣ ಹೇಳಿದ. ಹೋಗುವುದು ಬಿಡುವುದು ನಿಮಗೆ ಸೇರಿದ್ದು. ಏಪ್ರಿಲ್ ರಜೆಗೆ ರಮ್ಯಾ ಊರಿಗೆ ಬರುತ್ತಾಳೆ. ನಿಮ್ಮನ್ನು ನೋಡಬೇಕಂತೆ. ನಾನು ಬೇಡ ಅನ್ನಲಿಲ್ಲ.

ಸಿದ್ದಯ್ಯ